ಅರ್ಧ ಮಾತಿನ ಮೇಲೆ ನಿಂತ ಮಳೆಗಾಲ

ತೊರೆನಾಡಿನ ಇನ್ನೂರ ಎಂಬತ್ತೇಳನೆಯ ವರ್ಷ, ಶರದೃತು.
ನಿಮ್ಮ ಲೆಕ್ಕದಲ್ಲಿ ೨೧೬೭ನೆಯ ಇಸವಿ, ನಾಗರ ಅಮಾವಾಸ್ಯೆಗೆ ಎರಡು ದಿನ ಮುಂಚೆ.

ಹೊಸ್ತಿಲು ಅವರಿಗೆ, ಗದಗಿನಿಂದ ಮಹಾನಂದಾ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಇದು ಯಾರದೋ ಚೇಷ್ಟೆ ಎಂದುಕೊಳ್ಳಬೇಡಿ. ನೀವು ಈಗಷ್ಟೇ ಶುರು ಮಾಡುತ್ತಿರುವ ತೊರೆನಾಡು ಎಂಬ ಆಟವನ್ನು ನಿಮ್ಮಿಂದ ನೂರ ನಲವತ್ತೊಂದು ವರ್ಷ ಆಚೆಗೆ ನಾವು ಮೂವತ್ತೆಂಟು ಜನ ಇನ್ನೂ ಆಡುತ್ತಿದ್ದೇವೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ದಿನಾ ಮೂರು ಹೊತ್ತು ಗಾಳಿಕಂಬದ ಅಳತೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ, ಅದರ ಕೆಳಗೆ ಮನೆಯ ಸುದ್ದಿ ಒಂದೆರಡು ಸಾಲು ಬರೆಯುವುದು ನನ್ನ ಚಟ. ನನ್ನ ಕೆಲವು ಮಾತು ನಿಮಗೆ ತೀರ ಹಳೆಯವು ಅನ್ನಿಸಬಹುದು. ಕೆಲವು ನಿಮ್ಮಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಅಂಥವು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ನಿಜವಾದ ಹೆಸರು ನಮಗೆ ಗೊತ್ತಿಲ್ಲ. ನಿಯಮದ ಪುಟದ ಕೆಳಗೆ ‘ಹೊಸ್ತಿಲು’ ಎಂದಷ್ಟೇ ಇದೆ. ಗಂಡಸೋ ಹೆಂಗಸೋ, ಯಾವ ಊರಿನವರೋ, ಅದೂ ತಿಳಿಯದು. ಆದರೆ ಆಟದೊಳಗೆ ಕಾಲ ಹೇಗೆ ನಡೆಯಬೇಕೆಂದು ನೀವೂ ನಿಮ್ಮ ಗೆಳೆಯರೂ ಒಂಬತ್ತು ದಿನ ಜಗಳಾಡಿದ ಪುಟಗಳು ನಮ್ಮ ಹತ್ತಿರ ಇವೆ. ಹೊರಗೆ ಒಂದು ದಿನ ಆದರೆ ಒಳಗೂ ಒಂದೇ ದಿನ ಆಗಲಿ ಎಂದು ಒಬ್ಬರು. ನಾವು ಒಂದು ಕತ್ತಿಕಾಳಗ ಬರೆದು ಮುಗಿಸುವಷ್ಟರಲ್ಲಿ ಹೊರಗೆ ಎರಡು ವಾರ ಕಳೆದಿರುತ್ತದೆ, ಅಲ್ಲಿಯತನಕ ಕತ್ತಿ ಎತ್ತಿ ಹಿಡಿದವನ ರಟ್ಟೆ ಏನಾಗಬೇಕು ಎಂದು ಇನ್ನೊಬ್ಬರು. ಕೊನೆಗೆ ನೀವು ಮೂರು ಸಾಲು ಬರೆದಿರಿ. ಆಟಕ್ಕೆ ಹೊಸದಾಗಿ ಬಂದವರಿಗೆ ನಾವು ಇವತ್ತಿಗೂ ಆ ಮೂರನ್ನು ಬಾಯಿಪಾಠ ಮಾಡಿಸುತ್ತೇವೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ತೊರೆನಾಡಿನಲ್ಲಿ ಒಂದು ಋತು ಸರಿಯಬೇಕು.
ಯಾರನ್ನೂ ಅರ್ಧ ಮಾತಿನಲ್ಲಿ ಬಿಟ್ಟು ಕಾಲ ಮುಂದೆ ಹೋಗಬಾರದು.
ದೂರ ಹೋಗುವವರು ಮುಂದಿನ ಋತುವಿಗೆ ಬುತ್ತಿ ಕಟ್ಟಿಟ್ಟು ಹೋಗಬಹುದು.

ಈ ಕಾಗದ ಬೇರೆ ಯಾರ ಕೈಗಾದರೂ ಸಿಕ್ಕರೆ ಅವರಿಗೂ ತಿಳಿಯಲಿ ಎಂದು ಬರೆಯುತ್ತೇನೆ. ಇದು ಬರೆದು ಆಡುವ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನಮ್ಮ ಸರದಿ ಬಂದಾಗ ನಮ್ಮ ಪಾತ್ರ ಏನು ಮಾಡಿತು, ಏನಂದಿತು ಎಂದು ಬರೆಯುತ್ತೇವೆ, ಮುಂದಿನವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಪ್ರತಿ ಅಮಾವಾಸ್ಯೆಗೆ ಋತು ಸರಿಸುವ ಒಬ್ಬರಿರುತ್ತಾರೆ. ಗಂಡಸಾದರೆ ಕಾಲಗಾರ, ಹೆಂಗಸಾದರೆ ಕಾಲಗಾರ್ತಿ. ಆರು ವರ್ಷದಿಂದ ನಾನೇ ಕಾಲಗಾರ್ತಿ. ‘ತೊರೆ ಇಳಿಯಿತು, ಹುಲ್ಲಿನ ತುದಿ ಕೆಂಪಾಯಿತು, ಚಿಕ್ಕವರು ಒಂದು ಬೆರಳು ಎತ್ತರವಾದರು, ಮುದುಕರು ಅಷ್ಟೇ ತಗ್ಗಿದರು’ ಎಂದು ನಾಲ್ಕು ಸಾಲು ಬರೆದರೆ ಮೂವತ್ತೆಂಟು ಜನರ ಲೋಕದಲ್ಲಿ ಎರಡು ತಿಂಗಳು ಕಳೆಯುತ್ತದೆ. ನಮ್ಮ ಒಂದು ವರ್ಷಕ್ಕೆ ಅವರಿಗೆ ಎರಡು. ನಾನು ಬರೆಯದಿದ್ದರೆ ಕಳೆಯುವುದಿಲ್ಲ. ಹಾಗೆ ನಿಲ್ಲಿಸುವುದಕ್ಕೆ ತಡೆ ಎನ್ನುತ್ತೇವೆ. ನೀವು ಎರಡನೆಯ ಸಾಲಿನಲ್ಲಿ ಕಾಲ ಎಂದಿರೇ ಹೊರತು ಯಾರ ಕಾಲ ಎನ್ನಲಿಲ್ಲ. ಹಾಗಾಗಿ ಒಬ್ಬರಿಗೆ ತಡೆ ಹಾಕಿದರೆ ಇಡೀ ನಾಡಿಗೇ ತಡೆ. ಬೀಳುವ ಮಳೆಹನಿ ನಡುದಾರಿಯಲ್ಲಿ ನಿಲ್ಲುತ್ತದೆ.

ಬುತ್ತಿ ನಿಮಗೆ ಗೊತ್ತಿರುವುದೇ. ಊರಿಗೆ ಹೋಗುವವರು, ಬಾಣಂತನಕ್ಕೆ ಹೋಗುವವರು ತಮ್ಮ ಮುಂದಿನ ಸರದಿಯನ್ನು ಮೊದಲೇ ಬರೆದು, ಯಾವ ವರ್ಷದ ಯಾವ ಋತುವಿಗೆ ಎಂದು ಗುರುತು ಹಾಕಿ ಇಟ್ಟು ಹೋಗುತ್ತಾರೆ. ಆ ಋತು ಬಂದಾಗ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಯಾರಿಗೂ ಕಾಣುವುದಿಲ್ಲ, ಕಾಲಗಾರ್ತಿಗೂ ಕಾಣುವುದಿಲ್ಲ. ಇದೆಯೋ ಇಲ್ಲವೋ ಎಂಬುದು ಕೂಡ ತಿಳಿಯದು. ಕಟ್ಟಿದವರೂ ಬಾಯಿಬಿಡುವುದಿಲ್ಲ. ಹೇಳಿದರೆ ಬುತ್ತಿ ಹಳಸುತ್ತದೆ ಎಂಬುದು ನಮ್ಮ ಹಿರಿಯರು ಬೆಳೆಸಿದ ರೂಢಿ. ನಿಮ್ಮ ಕಾಲದಲ್ಲಿ ಅದು ಇರಲಿಕ್ಕಿಲ್ಲ.

ಇಂಥ ಆಟ ಯಾಕೆ ಉಳಿಯಿತು ಎಂದರೆ ನಮ್ಮ ದಿನಚರಿ ಹೇಳಬೇಕು. ಬೇಸಿಗೆಯಲ್ಲಿ ಬೆಳಗಿನ ಒಂಬತ್ತರ ಮೇಲೆ ಗದಗಿನ ಬೀದಿಗಳಲ್ಲಿ ನಾಯಿ ಕೂಡ ಇರುವುದಿಲ್ಲ. ಎಲ್ಲರೂ ಹಗೇವಿಗೆ ಇಳಿಯುತ್ತೇವೆ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವಿನ ಹೆಸರನ್ನೇ ನಮ್ಮ ನೆಲದಡಿಯ ಮನೆಗಳಿಗೆ ಇಟ್ಟುಕೊಂಡಿದ್ದೇವೆ. ಬೆಳಗಿನ ನಾಲ್ಕರಿಂದ ಒಂಬತ್ತು ನಮಗೆ ಒಂದು ಹಗಲು, ಸಂಜೆ ಐದರ ಮೇಲೆ ಇನ್ನೊಂದು. ನಡುವಿನದು ಮಲಗುವ ಹೊತ್ತು. ಕಪ್ಪತಗುಡ್ಡದ ಉದ್ದಕ್ಕೂ ಕರೆಂಟು ತೆಗೆಯುವ ಗಾಳಿಕಂಬಗಳಿವೆ. ಗಾಳಿ ಎದ್ದರೆ ಮನೆಮನೆಯ ಹಲಗೆ ಬೆಳಗುತ್ತದೆ. ಹಲಗೆ ಎಂದರೆ ನಿಮ್ಮ ಫೋನಿನ ಮೊಮ್ಮಗ ಎಂದುಕೊಳ್ಳಿ. ಆದರೆ ಬಡ ಮೊಮ್ಮಗ, ಅಕ್ಷರ ಬಿಟ್ಟು ಬೇರೇನನ್ನೂ ಹೊರಲಾರ. ಚಿತ್ರ ಕುಣಿಸುವ ನಿಮ್ಮ ಕಾಲದ ಆಟಗಳೆಲ್ಲ ಕರೆಂಟು ಸಾಲದೆ ನಿಂತುಹೋದವು. ಗಾಳಿ ಇದ್ದಾಗ ನಾಲ್ಕು ಸಾಲು ಬರೆದು, ಇಲ್ಲದಾಗ ನಾಲ್ಕು ದಿನ ಕಾಯುವ ಈ ಆಟಕ್ಕೆ ಏನೂ ಆಗಲಿಲ್ಲ. ಕಾಯುವುದು ಇದರೊಳಗೆ ಮೊದಲಿನಿಂದಲೂ ಇತ್ತು.

ಈ ಆಟಕ್ಕೆ ನನ್ನನ್ನು ಕರೆತಂದವರು ನನ್ನ ಅತ್ತೆ ಸಾವಂತ್ರೆವ್ವ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರು ಅದಾಗಲೇ ಮೂವತ್ತು ವರ್ಷ ಆಡಿದ್ದರು. ಗಾಳಿ ಎದ್ದ ಕೂಡಲೇ ಒಲೆಯ ಮುಂದಿನ ಸ್ಟೂಲಿನ ಮೇಲೆ ಹಲಗೆ ಹಿಡಿದು ಕುಳಿತುಬಿಡುತ್ತಿದ್ದರು, ಸಾರು ಉಕ್ಕಿದರೂ ಏಳುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ನನ್ನ ರೊಟ್ಟಿ ಮಾತ್ರ ಅವರ ಕಣ್ಣಿಗೆ ಹೇಗೋ ಬೀಳುತ್ತಿತ್ತು. “ದಪ್ಪ ಆಗ್ಯಾವ ನೋಡು. ಇವನ್ನ ಅಂಗಳದಾಗ ಹಾಸಿದ್ರ ಫರ್ಸಿ ಕಲ್ಲು ಬ್ಯಾಡ,” ಅನ್ನುತ್ತಿದ್ದರು. ಹದಿನೆಂಟು ವರ್ಷ ಒಂದು ದಿನವೂ ಬಿಡದೆ ಅಂದರು. ಮದುವೆಯಾದ ಮೊದಲ ದೀಪಾವಳಿಯ ಹೊತ್ತಿಗೆ ಒಂದು ದಿನ ಹಲಗೆಯಿಂದ ತಲೆ ಎತ್ತಿ, “ಏನವಾ, ನಮ್ಮ ಆಟಕ್ಕ ಒಬ್ಬಾಕಿ ಮುದುಕಿ ಬೇಕಾಗ್ಯಾಳ. ಸೂಲಗಿತ್ತಿ. ಬರತೀಯೇನ?” ಎಂದು ಕೇಳಿದರು. ಇಪ್ಪತ್ತನಾಲ್ಕು ವರ್ಷದ ನಾನು ಐವತ್ತು ವರ್ಷದ ದುಗ್ಗಜ್ಜಿಯಾದೆ.

ಒಂಬತ್ತು ವರ್ಷದ ಹಿಂದೆ ಅತ್ತೆಯ ಪಾತ್ರ ವಯಸ್ಸಾಗಿ ತೀರಿಕೊಂಡಿತು. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, “ಈ ಸಲ ನಾ ಸಣ್ಣಾಕಿ ಆಗತೀನಿ. ನೀನ ಹೆರಿಗಿ ಮಾಡಸು,” ಅಂದರು. ಹಾಗೆ ದುಗ್ಗಜ್ಜಿಯ ಕೈಯಲ್ಲಿ ಮಿಂಚುಳ್ಳಿ ಹುಟ್ಟಿದಳು. ನನ್ನ ಅತ್ತೆಗೆ ನಾನು ಹೊಕ್ಕುಳಬಳ್ಳಿ ಕೊಯ್ದೆ, ಬೆಚ್ಚಗೆ ಸುತ್ತಿದೆ, ಅತ್ತರೆ ಎತ್ತಿಕೊಂಡೆ. ಹಲಗೆಯ ಆಚೆ ಬದಿಯಲ್ಲಿ ಅವರು ಬರೆಯುತ್ತ ಮುಸಿಮುಸಿ ನಗುತ್ತಿದ್ದರು. ಮಿಂಚುಳ್ಳಿ ಬೆಳೆದು ಬಿಲ್ಲು ಹಿಡಿದಳು, ಯಾರ ಮಾತೂ ಕೇಳದವಳಾದಳು, ದುಗ್ಗಜ್ಜಿಯ ಸೆರಗು ಮಾತ್ರ ಬಿಡಲಿಲ್ಲ. ಮನೆಯಲ್ಲಿ ನಾವಿಬ್ಬರೂ ಉಪ್ಪು, ನೀರು, ರೊಟ್ಟಿ ಇಷ್ಟಕ್ಕೇ ಮಾತಾಡಿದವರು. ನನ್ನ ಗಂಡ ವಿರೂಪಾಕ್ಷಿ ಆಟ ಆಡುವವರಲ್ಲ. “ನಿಮ್ಮಿಬ್ಬರ ಜಗಳ ಮನ್ಯಾಗ, ಸಂಸಾರ ಆ ಹಲಗಿಯೊಳಗ,” ಎಂದು ನಗುತ್ತಿದ್ದರು.

ಹೋದ ವರ್ಷದ ಬೇಸಿಗೆಯಲ್ಲಿ ತೊರೆನಾಡಿನಲ್ಲಿ ಮಳೆಗಾಲ. ಕರಿತೊರೆ ತುಂಬಿ ಹರಿಯುತ್ತಿತ್ತು. ಅದನ್ನು ದಾಟಲು ಒಂದು ದೋಣಿಯಲ್ಲಿ ಮೂವರು ಹತ್ತಿದ್ದೆವು. ಹದಿನಾರರ ಮಿಂಚುಳ್ಳಿ, ಎಂಬತ್ತಾರರ ದುಗ್ಗಜ್ಜಿ, ಮತ್ತು ಮುಕ್ಕೋಡ ಎಂಬ ಮೂರು ಕೋಡಿನ ರಾಕ್ಷಸ. ಮುಕ್ಕೋಡನಿಗೆ ನೀರೆಂದರೆ ಜೀವಭಯ. ಅವನನ್ನು ಆಡುವವರು ಲಕ್ಷ್ಮೇಶ್ವರದ ಫಕ್ಕೀರಪ್ಪ ಟೇಲರ್, ಎಂಬತ್ತು ದಾಟಿದವರು. ದೋಣಿ ನಡುನೀರಿಗೆ ಬಂದಾಗ ದುಗ್ಗಜ್ಜಿ ದಾರಿಗೆಂದು ಕಟ್ಟಿದ್ದ ರೊಟ್ಟಿಯ ಗಂಟನ್ನು ಮಿಂಚುಳ್ಳಿಯ ಕೈಗೆ ಕೊಟ್ಟಳು. ಮಿಂಚುಳ್ಳಿ ಅಂದಳು: “ಅಜ್ಜೀ, ನಿನಗ ಒಂದ ಮಾತು ಹೇಳೂದೈತಿ. ಮೊದಲ ಆ ದಂಡಿ ಮುಟ್ಟಲಿ.”

ಅತ್ತೆ ಬರೆದದ್ದು ಅಷ್ಟು. ಆ ವಾರ ಧೂಳುಗಾಳಿ ಎದ್ದು ಅವರ ಕೆಮ್ಮು ಹೆಚ್ಚಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಹಲಗೆ ಹಿಡಿದು ಕುಳಿತಿದ್ದರು. ಗಾಡಿ ಬಂತೆಂದು ವಿರೂಪಾಕ್ಷಿ ಕರೆದರೆ, “ಗಾಳಿ ಐತಿ, ತಡಿಯೋ ಒಂದೀಟು,” ಅಂದರು. ಹಳೆಯದೇನೋ ಓದುತ್ತಿದ್ದಾರೆ ಎಂದುಕೊಂಡೆ. ಏಳುವಾಗ ಬುಟ್ಟಿಯ ಕಡೆ ನೋಡಿ, “ದಪ್ಪ ಆಗ್ಯಾವ,” ಅಂದರು.

ಹನ್ನೆರಡು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಾನು ಋತು ಸರಿಸಲಿಲ್ಲ. ಅರ್ಧ ಮಾತಿನಲ್ಲಿ ಬಿಟ್ಟು ಹೋಗಬಾರದು ಎಂದು ನೀವೇ ಬರೆದಿದ್ದೀರಿ. ಅವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತೆ ಕೇಳಿದರು.

“ಇವತ್ತ ಅಮಾಸಿ ಅಲ್ಲೇನ?”

“ಹೌದ್ರಿ ಅತ್ತಿ.”

“ಮತ್ತ? ಸರಿಸಿದ್ಯಾ?”

“ಇಲ್ರಿ. ನೀವು ಮಾತು ಅರ್ಧಕ್ಕ ಬಿಟ್ಟು ಬಂದೀರಲ್ಲ. ನೀವು ಬಂದು ಬರಿಯೂತನಕಾ ಅಲ್ಲಿ ಒಂದ ಹನಿ ಮಳಿನೂ ಕೆಳಗ ಬೀಳೂದಿಲ್ಲ.”

ನಾನು ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು “ಎಂಥಾ ಹುಚ್ಚಿ ಇದ್ದೀಯೇ,” ಎಂದು ಕಣ್ಣು ಮುಚ್ಚಿ ನಕ್ಕರು. ನಗು ಕೆಮ್ಮಾಯಿತು, ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು. ನಾಗರ ಅಮಾವಾಸ್ಯೆಯ ಹೊತ್ತಿಗೆ ಮುಖಕ್ಕೆ ಉಸಿರಿನ ಕೊಳವೆ ಹಾಕಿದ್ದರು, ಮಾತಿರಲಿಲ್ಲ. ನನ್ನನ್ನು ನೋಡಿ ಬಲಗೈ ಬೆರಳುಗಳಿಂದ ಏನನ್ನೋ ಮುಂದಕ್ಕೆ ತಳ್ಳುವ ಹಾಗೆ ಮಾಡಿದರು. ಹೊದಿಕೆ ಭಾರವಾಯಿತೆಂದು ತಿಳಿದು ನಾನು ಅದನ್ನು ತೆಗೆದೆ. ಮತ್ತೆ ತಳ್ಳಿದರು. ದಿಂಬು ಸರಿ ಮಾಡಿದೆ. ಅವತ್ತಿನ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ: ‘ಗಾಳಿ ಇಲ್ಲ. ಅತ್ತೆಗೆ ಸೆಕೆ.’ ಐದು ದಿನದ ಮೇಲೆ, ಪಂಚಮಿಯ ದಿನ, ತೀರಿಕೊಂಡರು.

ಆಡುವವರು ಸತ್ತರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ರೂಢಿ ಇದೆ. ದಿನಕರ್ಮ ಮುಗಿದ ಮೇಲೆ ಕಾಲಗಾರ್ತಿ ಆ ಪಾತ್ರಕ್ಕೊಂದು ದಾರಿ ಬರೆದು ಕಳಿಸುತ್ತಾಳೆ. ಗುಡ್ಡದ ದಾರಿ ಹತ್ತಿ ಹೋದರು ಎಂದೋ, ದೊಡ್ಡ ಹಡಗು ಏರಿದರು ಎಂದೋ ಎರಡು ಸಾಲು. ಆಮೇಲೆ ಋತು ಸರಿಯುತ್ತದೆ. ಆರು ಜನರನ್ನು ನಾನೇ ಹೀಗೆ ಕಳಿಸಿಕೊಟ್ಟಿದ್ದೇನೆ. ಅತ್ತೆಯ ವಿಷಯದಲ್ಲಿ ಕೈ ಏಳಲಿಲ್ಲ. ಒಂದು ಮಾತು ಹೇಳುವುದಿದೆ ಎಂದವರನ್ನು ಆ ಮಾತು ಕೇಳದೆ ಹೇಗೆ ಕಳಿಸಲಿ? ನಾನು ಬರೆಯದಿರುವಷ್ಟು ದಿನ ಮಿಂಚುಳ್ಳಿ ದೋಣಿಯಲ್ಲಿ ಕುಳಿತೇ ಇರುತ್ತಾಳೆ, ಕೈಯಲ್ಲಿ ರೊಟ್ಟಿಯ ಗಂಟು, ಬಾಯಿ ಇನ್ನೇನು ತೆರೆಯಲಿದೆ. ಅಷ್ಟು ಸಾಕಾಗಿತ್ತು ನನಗೆ. ಬೆಳಿಗ್ಗೆ ರೊಟ್ಟಿ ಬಡಿದು ಹಲಗೆ ತೆರೆದು ಆ ಸಾಲನ್ನು ಓದುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಗಾಳಿಯ ಅಳತೆ ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ.

ಉಳಿದವರು ಮೊದಲ ಮೂರು ನಾಲ್ಕು ಅಮಾವಾಸ್ಯೆ ತುಟಿಪಿಟಿಕ್ ಅನ್ನಲಿಲ್ಲ. ಆಟದ ಹೊರಗೆ ನಮ್ಮ ನಮ್ಮ ಮಾತಾಡಿಕೊಳ್ಳಲು ಒಂದು ಪುಟವಿದೆ, ಪಡಸಾಲೆ ಎನ್ನುತ್ತೇವೆ. ದೀಪಾವಳಿಯ ನಂತರ ಅಲ್ಲಿ ಒಂದೊಂದೇ ಗೊಣಗು ಶುರುವಾಯಿತು. ಮದುವೆಯೊಂದರಲ್ಲಿ ಅಕ್ಷತೆ ಹಿಡಿದ ಕೈಗಳು ಎತ್ತಿದಂತೆಯೇ ನಿಂತಿದ್ದವು. ರೋಣದವನೊಬ್ಬನ ಪಾತ್ರದ ಹೆಂಡತಿಗೆ ಹೆರಿಗೆ ನೋವು ಬಂದಾಗ ತಡೆ ಬಿದ್ದಿತ್ತು. “ಅಕ್ಕಾರ, ನನ್ನ ಹೇಂತಿ ಆರು ಅಮಾಸಿಯಿಂದ ಬ್ಯಾನಿ ತಿನ್ನಾಕ್ಹತ್ಯಾಳ. ಹಡಿಯಾಕರ ಬಿಡ್ರಿ, ಇಲ್ಲಾ ಬ್ಯಾನಿನರ ನಿಲ್ಲಸ್ರಿ. ಊರಿಗೆ ಒಬ್ಬಾಕಿ ಸೂಲಗಿತ್ತಿ, ನೀವ ಹೋಗಿ ನಡುನೀರಾಗ ಕುಂತೀರಿ!” ಎಂದು ಬರೆದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಸರಿಸಲಿಲ್ಲ. ಕಾಲಗಾರ್ತಿಯನ್ನು ಬದಲಿಸೋಣ ಎಂದು ಯಾರೋ ಅಂದರು. ಅದನ್ನು ತಡೆದವರು ಫಕ್ಕೀರಪ್ಪನವರು. “ದೋಣ್ಯಾಗ ಕುಂತಾಂವ ನಾನು. ನನಗ ಇಲ್ಲದ ಗಡಿಬಿಡಿ ದಂಡಿ ಮ್ಯಾಲೆ ನಿಂತ ನಿಮಗ್ಯಾಕೋ?” ಎಂದು ಬರೆದು ಎಲ್ಲರ ಬಾಯಿ ಮುಚ್ಚಿಸಿದರು.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಬೆಳಗಿನ ಐದೂವರೆಗೆ, ನಮ್ಮ ಹಗೇವಿನ ಬಾಗಿಲು ಯಾರೋ ಬಡಿದರು. ತೆರೆದರೆ ಮೆಟ್ಟಿಲ ಮೇಲೆ ಒಬ್ಬ ಅಜ್ಜ. ನಮ್ಮ ಕಾಲದಲ್ಲಿ ಬಿಸಿಲು ಟೊಪ್ಪಿಗೆ ಇಲ್ಲದೆ ಯಾರೂ ಹೊರಗೆ ಹೊರಡುವುದಿಲ್ಲ. ಈ ಅಜ್ಜನ ಟೊಪ್ಪಿಗೆಗೆ ಮೂರು ಕೋಡುಗಳಿದ್ದವು. ಬಟ್ಟೆಯವು, ಹತ್ತಿ ತುಂಬಿ ಹೊಲಿದವು, ನಡುವಿನದು ಸ್ವಲ್ಪ ಬಾಗಿತ್ತು. ಹಿಂದೆ ಓಣಿಯ ಜನ ನಿಂತು ನಗುತ್ತಿದ್ದರು.

“ಯಾರ್ರೀ ಅಜ್ಜಾರ?” ಅಂದೆ.

“ನಡುನೀರಾಗ ಬಿಟ್ಟು ಬಂದೀಯಲ್ಲವಾ, ಅಂವ,” ಅಂದರು. “ಒಂದ ವರ್ಷ ಆಗಾಕ ಬಂತು, ಧೋತರ ಒಣಗಿಲ್ಲ.”

ಒಳಗೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಹಾಕಿದೆ. ಒಂದು ತುತ್ತು ಮುರಿದು ಕಣ್ಣಿನ ಹತ್ತಿರ ಹಿಡಿದು ನೋಡಿ, “ಸಾವಂತ್ರೆವ್ವ ಹೇಳಿದ್ದು ಖರೆ ಐತಿ. ದಪ್ಪ ಅದಾವ,” ಅಂದರು. ಅತ್ತೆ ನನ್ನ ರೊಟ್ಟಿಯ ಸುದ್ದಿಯನ್ನು ಲಕ್ಷ್ಮೇಶ್ವರದವರೆಗೂ ಮುಟ್ಟಿಸಿದ್ದರು! ಆಮೇಲೆ ಅವರು ಕಣ್ಣಿನ ವಿಷಯ ಹೇಳಿದರು. ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. “ಬಲಗಣ್ಣು ಪಂಚಮಿ ತನಕಾ ಅಂತ ಡಾಕ್ಟರ್ ಹೇಳ್ಯಾನ. ಮುಂದ ಯಾರರ ಓದಿ ಹೇಳತಾರ, ಅದಕ್ಕೇನ ತ್ರಾಸಿಲ್ಲ. ಆದ್ರ ಆ ದಂಡಿ ಒಂದ ನನ್ನ ಕಣ್ಣಲೆ ನಾನ ಓದಬೇಕಂತ ಆಸೆ.”

ನಾನು ಬೇಕಾದರೆ ಸುಳ್ಳು ಸಮಾಧಾನ ಹೇಳಬಹುದಿತ್ತು. “ಅತ್ತಿ ಮಾತು ಅರ್ಧಕ್ಕ ಉಳದೈತ್ರಿ,” ಅಂದೆ. “ನಾ ಸರಿಸಿದ್ರ ಅವರನ್ನ ನನ್ನ ಕೈಯಾರೆ ನೀರಿಗಿ ದೂಡಿದಂಗ ಆಗತೈತಿ.”

“ನಾ ಒತ್ತಾಯ ಮಾಡಾಕ ಬಂದಿಲ್ಲವಾ. ಆಕಿ ಜೋಡಿ ಇಪ್ಪತ್ತೆರಡು ವರ್ಷ ಮಾತಾಡೇನಿ, ಮಾರಿ ನೋಡಿಲ್ಲ. ಕಣ್ಣು ಇರೂದ್ರಾಗ ಆಕಿ ಕುಂದ್ರೂ ಜಾಗಾನರ ನೋಡಿ ಹೋಗೂಣಂತ ಬಂದೆ.”

ಸ್ಟೂಲು ತೋರಿಸಿದೆ. ಅವರು ಅದರ ಮೇಲೆ ಕೂರಲಿಲ್ಲ. ಟೇಲರ್ ಬಟ್ಟೆ ಮುಟ್ಟಿ ನೋಡುವಂತೆ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಬಿಸಿಲು ಏರುವ ಮೊದಲೇ ಹೊರಟರು. ಹೋಗುವಾಗ ಮೂರು ಕೋಡಿನ ಟೊಪ್ಪಿಗೆಯನ್ನು ಸ್ಟೂಲಿನ ಮೇಲೆ ಇಟ್ಟು, ವಿರೂಪಾಕ್ಷಿಯದೊಂದು ಬರಿ ಟೊಪ್ಪಿಗೆ ಹಾಕಿಕೊಂಡು ಹೋದರು.

ಅಷ್ಟಾದ ಮೇಲೂ ನಾನು ಎರಡು ಅಮಾವಾಸ್ಯೆ ಸುಮ್ಮನೇ ಕಳೆದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಪಡಸಾಲೆಯಲ್ಲಿ ಫಕ್ಕೀರಪ್ಪನವರ ಸಾಲುಗಳು ಗಿಡ್ಡವಾಗುತ್ತ ಬಂದವು. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬೀಳತೊಡಗಿತು. ಒಂದು ದಿನ ಬರಿ ‘ಅರಾಮ ಇದ್ದೀಯವಾ’ ಎಂದು ಬರೆಯಲು ಅವರಿಗೆ ಮೂರು ಸಲ ಬೇಕಾಯಿತು. ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣು ಕಲಸಿ ಎತ್ತು ಮಾಡಿ ಜಗಲಿಯ ಮೇಲಿಟ್ಟೆ. ಪ್ರತಿ ವರ್ಷ ಅದಕ್ಕೆ ಕೋಡು ಹಚ್ಚುತ್ತಿದ್ದವರು ಅತ್ತೆ. ನಾನು ಹಚ್ಚಿದ ಕೋಡು ದಪ್ಪವಾಗಿ, ಎತ್ತು ಮುಕ್ಕೋಡನ ಹಾಗೆ ಕಂಡಿತು. ನಗು ಬಂತು, ಆ ನಗುವಿನಲ್ಲೇ ಅಳುವೂ ಬಂತು. ಸತ್ತವರ ಅರ್ಧ ಮಾತಿಗಾಗಿ ಬದುಕಿರುವವರ ಅರ್ಧ ಕಣ್ಣನ್ನು ಕಾಯಿಸುತ್ತಿದ್ದೇನೆ ಅನ್ನಿಸಿತು. ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕುಳಿತು ಬರೆದೆ.

‘ಮಳೆ ನಿಂತಿತು. ತೊರೆ ಇಳಿಯಿತು. ದೋಣಿ ಆಚೆ ದಂಡೆ ಮುಟ್ಟಿತು. ದಂಡೆಯ ತುಂಬ ಬಿಳಿ ಹೂವಿನ ಹುಲ್ಲು.’

ಮಿಂಚುಳ್ಳಿಗೊಂದು ದಾರಿ ಬರೆಯಬೇಕಿತ್ತು. ಏನು ಬರೆಯುವುದೆಂದು ತಿಳಿಯದೆ ಬೆರಳು ಎತ್ತಿ ಕುಳಿತಿದ್ದೆ. ಅಷ್ಟರಲ್ಲಿ ಹಲಗೆಯ ಮೇಲೆ ಅವಳ ಹೆಸರಿನ ಪಕ್ಕ ಕೆಂಪು ಗಂಟಿನ ಗುರುತು ಮೂಡಿ ಬಿಚ್ಚಿಕೊಂಡಿತು. ಬುತ್ತಿ. ಇನ್ನೂರ ಎಂಬತ್ತೇಳನೆಯ ವರ್ಷ, ಶರದೃತುವಿಗೆಂದು ಕಟ್ಟಿದ್ದು. ಕಟ್ಟಿದ ದಿನ, ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಇಲ್ಲಿ ಹಾಗೇ ಇಳಿಸುತ್ತೇನೆ.

‘ಮಿಂಚುಳ್ಳಿ ದಂಡಿಗೆ ಜಿಗದಳು. ಗಂಟು ಬಿಚ್ಚಿ ಒಂದು ರೊಟ್ಟಿ ತಗೊಂಡು ಹುಲ್ಲಿನ್ಯಾಗ ಕುಂತು ತಿಂದಳು. ಅಜ್ಜೀ, ಅಂದಳು, ಹೇಳೂದೈತಿ ಅಂದಿದ್ನಲ್ಲಾ, ಅದು ಇದ. ನಿನ್ನ ರೊಟ್ಟಿ ದಪ್ಪ ಅಂತ ದಿನಾ ಆಡಿಕೊಂಡೆ. ತೆಳ್ಳನ್ನ ರೊಟ್ಟಿ ಮನ್ಯಾಗ ತಿನ್ನಾಕ ಚಂದ. ಗಂಟಿನ್ಯಾಗ ಕಟ್ಟಿದ್ರ ನಾಕ ಹೆಜ್ಜಿಗೆ ಪುಡಿ ಆಗತಾವ. ದೂರದ ದಾರಿಗೆ ಇವ ಬೇಕು. ಇದನ್ನ ಮನ್ಯಾಗ ಹೇಳಿದ್ರ ನೀ ತೆಳ್ಳಗ ಬಡಿಯೂದು ಕಲೀತಿದ್ದಿಲ್ಲ, ಅದಕ್ಕ ಹೇಳಲಿಲ್ಲ. ಈಗ ನಾ ಮುಂದ ನಡೀತೀನಿ. ಆ ಗುಡ್ಡದ ಆಚೆ ಏನೈತಿ ನೋಡಬೇಕು. ನೀ ಆ ರಾಕ್ಷಸನ ಕೈ ಹಿಡದು ಇಳಸು, ಅಂವಗ ನೀರಂದ್ರ ಅಂಜಿಕಿ. ನನ್ನ ದಾರಿ ಕಾಯಬ್ಯಾಡ. ಅಲ್ಲಿ ಹೆರಿಗಿ ಅದಾವ, ಹೋಗು.’

ಅತ್ತೆ ಇದನ್ನು ಹನ್ನೆರಡು ದಿನದಲ್ಲಿ ಬಿಚ್ಚಿಕೊಳ್ಳುವಂತೆ ಕಟ್ಟಿದ್ದರು. ಅವರು ಬದುಕಿರುವಾಗಲೇ ನಾನು ಓದಲಿ, ಓದಿ ಆಸ್ಪತ್ರೆಯ ಮಂಚದ ಪಕ್ಕ ನಿಂತು ಅವರ ಮುಖ ನೋಡಲಿ ಎಂದು. ಹೇಳಿದರೆ ಹಳಸುತ್ತದೆಂದು ಬಾಯಿಬಿಡಲಿಲ್ಲ. ಅಮಾಸಿ ಆಯಿತೇ ಎಂದಷ್ಟೇ ಕೇಳಿದರು, ಬೆರಳಿನಿಂದ ಕಾಲವನ್ನು ಮುಂದಕ್ಕೆ ತಳ್ಳಿ ತೋರಿಸಿದರು. ನಾನು ಹೊದಿಕೆ ತೆಗೆದೆ. ಅವರ ಮಾತು ಅರ್ಧ ಆಗಿರಲೇ ಇಲ್ಲ, ಪೂರ್ತಿ ಆಗಿತ್ತು. ಅದು ನನ್ನನ್ನು ಮುಟ್ಟದಂತೆ ತಡೆದವಳು ನಾನೇ, ಅವರ ಮೇಲಿನ ಪ್ರೀತಿಯಿಂದ. ಈ ಒಂದು ವಿಷಯ ನುಂಗಲು ನನಗೆ ಇನ್ನೂ ಆಗಿಲ್ಲ. ಆದರೂ ಅವತ್ತು ದುಗ್ಗಜ್ಜಿ ರಾಕ್ಷಸನ ಕೈ ಹಿಡಿದು ಇಳಿಸಿದಳು. ಫಕ್ಕೀರಪ್ಪನವರು ತಮ್ಮ ಸರದಿಯನ್ನು ತಾವೇ ಬರೆದರು, ಎರಡು ದಿನ ಹಿಡಿಯಿತು. ‘ಮುಕ್ಕೋಡ ದಂಡಿ ಮ್ಯಾಲೆ ನಿಂತು ತಿರುಗಿ ನೀರು ನೋಡಿದ. ಇಷ್ಟ ಅಗಲ ಇತ್ತೇನು ಅಂದ. ಹುಲ್ಲಿನ ಹೂ ಬೆಳ್ಳಗ ಕಾಣಾಕ್ಹತ್ತಿದ್ವು.’ ರೋಣದವನ ಹೆಂಡತಿಗೆ ಅವಳಿಜವಳಿ ಹುಟ್ಟಿದವು. ಇಷ್ಟು ದಿನ ಕಾಯಿಸಿದ್ದಕ್ಕೆ ಬಡ್ಡಿ ಸೇರಿ ಬಂತು ಎಂದು ಅವನು ಪಡಸಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ.

ಇನ್ನು ನನ್ನ ಬಿನ್ನಹ. ನಿಮ್ಮ ಜಗಳದ ಒಂಬತ್ತನೆಯ ದಿನ ನಿಮ್ಮ ಗೆಳೆಯರೊಬ್ಬರು ಒಂದು ಮಾತು ಎತ್ತುತ್ತಾರೆ. ಬುತ್ತಿ ಕಾಲಗಾರನಿಗಾದರೂ ಮೊದಲೇ ಕಾಣುವಂತಿರಲಿ, ಇಲ್ಲದಿದ್ದರೆ ಎಡವಟ್ಟಾದೀತು ಎನ್ನುತ್ತಾರೆ. ಎಡವಟ್ಟಾಗುತ್ತದೆ, ನಾನೇ ಸಾಕ್ಷಿ. ನೀವು ಕೊಟ್ಟ ಉತ್ತರದ ಪುಟ ನಮ್ಮ ಕಾಲಕ್ಕೆ ಉಳಿದು ಬಂದಿಲ್ಲ. ಈ ಕಾಗದ ಶುರು ಮಾಡಿದಾಗ, ದಯವಿಟ್ಟು ಅವರ ಮಾತಿಗೆ ಹೂಂ ಅನ್ನಿ, ನನ್ನಂಥವಳು ಇನ್ನೊಬ್ಬಳು ಆಗುವುದು ಬೇಡ ಎಂದು ಬೇಡಿಕೊಳ್ಳಲು ಕುಳಿತಿದ್ದೆ. ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿತು. ಅತ್ತೆಯ ಬುತ್ತಿ ನನಗೆ ಮೊದಲೇ ಕಾಣುವಂತಿದ್ದರೆ ಆಸ್ಪತ್ರೆಯ ದಾರಿಯಲ್ಲೇ ಓದಿಬಿಡುತ್ತಿದ್ದೆ. ಅವರ ಮುಖ ನೋಡುತ್ತಿದ್ದೆ, ನಿಜ. ಆದರೆ ಕಾಲ ಸರಿಸದೆಯೇ ಆ ಮಾತು ಕೈಗೆ ಸಿಕ್ಕಿದ್ದರಿಂದ, ಅವರು ಹೋದ ಮೇಲೆ ಸರಿಸಲು ನನಗೆ ಯಾವ ಕಾರಣವೂ ಉಳಿಯುತ್ತಿರಲಿಲ್ಲ. ಆ ಮಾತನ್ನೇ ಓದುತ್ತ ದೋಣಿಯಲ್ಲಿ ಕುಳಿತಿರುತ್ತಿದ್ದೆ, ಫಕ್ಕೀರಪ್ಪನವರ ಕಣ್ಣು ಆರುವವರೆಗೂ, ಆಮೇಲೂ. ಆದ್ದರಿಂದ ಬೇಡ ಅನ್ನಿ. ಗೆಳೆಯರು ಬೇಸರ ಮಾಡಿಕೊಂಡರೂ ಬೇಡ ಅನ್ನಿ. ಎರಡನೆಯ ಸಾಲನ್ನೂ ಹಾಗೇ ಬಿಡಿ, ಇಷ್ಟೇ ದಿನ ಕಾಯಬೇಕೆಂದು ಅಂಕಿ ಹಾಕಬೇಡಿ. ನಮ್ಮಲ್ಲಿ ಇವತ್ತಿಗೂ ಕಾಲಗಾರ್ತಿಗೆ ಬುತ್ತಿ ಕಾಣುವುದಿಲ್ಲ. ಅಂದರೆ ನೀವು ಬೇಡ ಎಂದೇ ಹೇಳಿದ್ದೀರಿ. ನನ್ನ ಕಾಗದ ಓದಿ ಹೇಳಿದಿರೋ, ಓದದೆಯೇ ಹೇಳಿದಿರೋ, ನನಗೆ ತಿಳಿಯುವ ದಾರಿ ಇಲ್ಲ.

ನಾಡಿದ್ದು ಅಮಾವಾಸ್ಯೆ. ಹೇಮಂತ ಬರೆಯಬೇಕು. ಪಂಚಮಿಗೆ ಇನ್ನೂ ಏಳು ದಿನ ಇದೆ, ಫಕ್ಕೀರಪ್ಪನವರಿಗೆಂದು ಈ ಸಲ ಮಂಜನ್ನು ತೆಳ್ಳಗೆ ಹಾಕಿ, ದೂರದ ಗುಡ್ಡಗಳು ನಿಚ್ಚಳ ಕಾಣುವಂತೆ ಬರೆಯಬೇಕೆಂದಿದ್ದೇನೆ. ಪಂಚಮಿಗೆ ಅತ್ತೆಯದೂ ವರ್ಷ ಆಗುತ್ತದೆ. ಈ ಕಾಗದವನ್ನು ನಿಮಗೆ ಮುಟ್ಟಿಸಲು ಬೇರೆ ದಾರಿ ಕಾಣದೆ ಬುತ್ತಿಯಾಗಿಯೇ ಕಟ್ಟುತ್ತಿದ್ದೇನೆ. ಯಾವ ವರ್ಷ, ಯಾವ ಋತು ಎಂದು ಹಲಗೆ ಕೇಳಿತು. ಒಂದನೆಯ ವರ್ಷ, ವಸಂತ ಎಂದು ತುಂಬಿದೆ. ಅದು ಬೇಡ ಅನ್ನಲಿಲ್ಲ.

ಮನೆಯವರಿಗಾಗಲಿ ಫಕ್ಕೀರಪ್ಪನವರಿಗಾಗಲಿ ಇದನ್ನು ಹೇಳಿಲ್ಲ. ಹೇಳಿದರೆ ಹಳಸುತ್ತದೆ.